ಏಳು ವರ್ಷ ಮೇಲ್ಪಟ್ಟವರಿಗೆ

ಪ್ರತಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹುಬ್ಬಳ್ಳಿಯ ಆಟಮಾಪನ ಕೇಂದ್ರದಲ್ಲಿ ಒಂದು ನಾಯಿ ಸಾಯುತ್ತಿತ್ತು. ಅದೇ ನಾಯಿ, ಅದೇ ರಸ್ತೆ, ಅದೇ ಹಳದಿ ಲಾರಿ. ಪರದೆಯ ಮೇಲೆ ನಲವತ್ತು ಸೆಕೆಂಡು ಓಡುವ ಆ ಚಿತ್ರವನ್ನು ಕಸ್ತೂರಿ ಬಡಿಗೇರ ನಾಲ್ಕು ವರ್ಷಗಳಲ್ಲಿ ಸುಮಾರು ಇನ್ನೂರು ಸಲ ನೋಡಿದ್ದಳು. ನಾಯಿ ಯಾವ ಕ್ಷಣಕ್ಕೆ ತಲೆ ಎತ್ತುತ್ತದೆ, ಲಾರಿಯ ಯಾವ ಗಾಲಿ ಮೊದಲು ಬರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೂ ಪ್ರತಿ ಸಲ ಅವಳ ಅಂಗೈ ಬೆವರಬೇಕು, ಎದೆ ಹೊಡೆದುಕೊಳ್ಳಬೇಕು, ಕಣ್ಣಿನ ಪಾಪೆ ಹಿಗ್ಗಬೇಕು. ಮಣಿಕಟ್ಟಿನ ಪಟ್ಟಿಯೂ ಕಣ್ಣೆದುರಿನ ಪುಟ್ಟ ಕ್ಯಾಮೆರಾವೂ ಇದನ್ನೆಲ್ಲ ಅಳೆದು ಹತ್ತಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತಿದ್ದವು. ಆ ಅಂಕಕ್ಕೆ ತಲ್ಲಣ ಎಂದು ಹೆಸರು. ಸತತ ಮೂರು ಸೋಮವಾರ ನಾಯಿಗೆ ಐದಕ್ಕಿಂತ ಕಡಿಮೆ ಬಂದರೆ, ಆ ಮೈ ಮಾಪನಕ್ಕೆ ತಕ್ಕದ್ದಲ್ಲ ಎಂದು ಬರೆದು ಕುರ್ಚಿಯಿಂದ ಎಬ್ಬಿಸುತ್ತಿದ್ದರು. ಅಂಗಡಿಯವರ ತೂಕದ ಕಲ್ಲಿಗೆ ಮುದ್ರೆ ಒತ್ತಿಸುವ ಹಾಗೆ, ಇಲ್ಲಿ ಮನುಷ್ಯರಿಗೆ ಮುದ್ರೆ.

ಆ ಸೋಮವಾರ ಕಸ್ತೂರಿಗೆ ಬಂದದ್ದು ಐದು ಪಾಯಿಂಟ್ ಒಂದು.

"ಏನವಾ ತಂಗಿ, ಐದೂ ಒಂದು!" ಪಕ್ಕದ ಕುರ್ಚಿಯ ದ್ಯಾಮಣ್ಣ ಪಟ್ಟಿ ಬಿಚ್ಚಿಕೊಳ್ಳುತ್ತ ನಕ್ಕ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಮೆಲ್ಲಗೆ ಮಾತಾಡುವುದು ಅವನಿಗೆ ಗೊತ್ತೇ ಇರಲಿಲ್ಲ. "ಇವತ್ತ ಒಗ್ಗರಣಿಗೆ ಸಾಸಿವಿ ಸಿಡೀಲಿಲ್ಲೇನು?"

"ಸುಮ್ಮಕಿರೋ ಯಣ್ಣಾ. ಸಾಹೇಬ್ರು ಕೇಳ್ಯಾರು."

"ಕೇಳ್ಲಿ ಬಿಡ. ಅವ್ರ ಮೂಗಿಗೆ ಘಾಟ ಬಡದಿಲ್ಲಂತ ತಿಳದೀಯೇನು?"

ಒಗ್ಗರಣೆ ಎಂಬುದು ಕೇಂದ್ರದ ಒಳಮಾತು. ಕೆಲಸಕ್ಕೆ ಸೇರಿ ಆರು ತಿಂಗಳಾಗುವಷ್ಟರಲ್ಲಿ ಯಾರಿಗೂ ನಾಯಿ ನಾಟುತ್ತಿರಲಿಲ್ಲ. ಆಗ ಒಬ್ಬೊಬ್ಬರೂ ತಮ್ಮ ತಮ್ಮ ಬದುಕಿನಿಂದ ಏನಾದರೊಂದನ್ನು ತೆಗೆದು, ಸರಿಯಾಗಿ ಲಾರಿ ಬರುವ ಹೊತ್ತಿಗೆ ಮನಸ್ಸಿನೊಳಗೆ ಹಾಕಿಕೊಳ್ಳುತ್ತಿದ್ದರು. ದ್ಯಾಮಣ್ಣ ತನ್ನ ತಮ್ಮ ಬಾವಿಗೆ ಬಿದ್ದದ್ದನ್ನು ಹಾಕಿಕೊಳ್ಳುತ್ತಿದ್ದ. ಕಸ್ತೂರಿ ಹಾಕಿಕೊಳ್ಳುತ್ತಿದ್ದದ್ದು ತನ್ನ ಮಗಳನ್ನು.

ಇಂಥದೊಂದು ಕಸುಬು ಹುಟ್ಟಿದ ಬಗೆಯನ್ನು ಹೇಳಲೇಬೇಕು. ಮೊದಲೆಲ್ಲ ಆಟ ತಯಾರಿಸುವ ಕಂಪನಿಗಳೇ ಕೂಡಿ ಒಂದು ಸಂಘ ಮಾಡಿಕೊಂಡು, ಈ ಆಟ ಏಳು ವರ್ಷದವರಿಗೆ, ಇದು ಹದಿನಾರರವರಿಗೆ ಎಂದು ತಾವೇ ವಯಸ್ಸಿನ ಚೀಟಿ ಅಂಟಿಸುತ್ತಿದ್ದವು. ಹಣ್ಣು ಮಾರುವವನೇ ಹಣ್ಣು ಸಿಹಿಯೆಂದು ಆಣೆ ಮಾಡಿದಂತಾಯಿತು ಎಂದು ತಾಯಿ ತಂದೆಯರು ಕೂಗಾಡಿದರು. ಸರಕಾರ ಆ ಅಧಿಕಾರ ಕಿತ್ತುಕೊಂಡು ಒಂದು ಸಮಿತಿ ಮಾಡಿತು. ಸಮಿತಿಯವರು ರುಂಡ ಹಾರುವ ಆಟಕ್ಕೆ ಒಪ್ಪಿಗೆ ಕೊಟ್ಟು, ಮಂತ್ರಿಯೊಬ್ಬನನ್ನು ಗೇಲಿ ಮಾಡಿದ ಆಟವನ್ನು ಹಿಂಸೆಯೆಂದು ತಡೆದರು. ಕಂಪನಿಗಳು ಕೋರ್ಟಿಗೆ ಹೋದವು. ಕೊನೆಗೆ ಕೋರ್ಟು, ಇದರಲ್ಲಿ ವ್ಯಾಪಾರಿಯ ಅಭಿಪ್ರಾಯವೂ ಬೇಡ, ಸರಕಾರದ ಅಭಿಪ್ರಾಯವೂ ಬೇಡ, ಅಳೆಯಲು ಬರುವಂಥದ್ದು ಏನಾದರೂ ಇದ್ದರೆ ತನ್ನಿ ಎಂದಿತು. ತಲ್ಲಣಮಾಪಕ ಬಂದದ್ದು ಹಾಗೆ. ಸಾಮಾನ್ಯ ಜನರಲ್ಲಿ ಮೂವರನ್ನು ಕೂರಿಸಿ ಆಟ ಆಡಿಸುವುದು. ಅವರ ಮೈ ಎಷ್ಟು ತಲ್ಲಣಿಸಿತೋ ಅದರ ಸರಾಸರಿಯೇ ತೀರ್ಪು. ಎರಡರ ಒಳಗಿದ್ದರೆ ಏಳು ವರ್ಷ ಮೇಲ್ಪಟ್ಟವರಿಗೆ, ನಾಲ್ಕರ ಒಳಗೆ ಹನ್ನೆರಡು, ಆರರ ಒಳಗೆ ಹದಿನಾರು, ಎಂಟರ ಒಳಗೆ ಹದಿನೆಂಟು. ಎಂಟು ದಾಟಿದರೆ ನಿಷೇಧ. ಕುಳಿತವರು ಬಾಯಿ ತೆರೆಯುವಂತಿಲ್ಲ. ಮೈ ಲಂಚ ತಿನ್ನುವುದಿಲ್ಲ, ಮೈಗೆ ಪಕ್ಷವಿಲ್ಲ ಎಂದು ಎಲ್ಲರೂ ಹೊಗಳಿದರು.

ಕಸ್ತೂರಿ ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಮಗಳು ಹೋದ ಮರುವರ್ಷ. ಹೋದಾಗ ಸ್ಫೂರ್ತಿಗೆ ಎಂಟು ವರ್ಷ. ಕಾರಹುಣ್ಣಿಮೆಯ ದಿನ ಓಣಿಯ ಮಕ್ಕಳೆಲ್ಲ ಮಾಳಿಗೆಯ ಮೇಲೆ ಪಟ ಹಾರಿಸುತ್ತಿದ್ದರು. ಕಸ್ತೂರಿ ಕೆಳಗೆ ಕಡಬು ಕರಿಯುತ್ತಿದ್ದಳು. ಹಿತ್ತಲಿನ ಕಲ್ಲುಹಾಸಿನ ಮೇಲೆ ಏನೋ ಬಿದ್ದ ಸದ್ದಾಯಿತು. ನೆನೆಹಾಕಿದ ಬಟ್ಟೆಯ ಗಂಟು ಬಿದ್ದಂಥ ಸದ್ದು. "ಯಾರದ ಅದು?" ಎಂದು ಕೇಳಿ, ಬಾಣಲೆಯಲ್ಲಿದ್ದ ಕಡಬನ್ನು ಮಗುಚಿ ಹಾಕಿ, ಆಮೇಲೆ ಅವಳು ಹೊರಗೆ ಹೋಗಿದ್ದಳು.

ಆ ವರ್ಷ ಅವಳು ಯಾವುದಕ್ಕೂ ಬೆಚ್ಚುತ್ತಿದ್ದಳು. ಚೊಂಬು ಬಿದ್ದರೆ ಅಳು, ಪಕ್ಕದ ಮನೆಯ ಕೂಸು ಕೂಗಿದರೆ ಅಳು. ಆಯ್ಕೆಯ ದಿನ ನಾಯಿಗೆ ಅವಳ ತಲ್ಲಣ ಒಂಬತ್ತು ದಾಟಿತ್ತು. ಕೇಂದ್ರದ ಉಪನಿರ್ದೇಶಕ ಹಿತ್ತಲಮನಿ ಸಾಹೇಬರು ಕುರ್ಚಿಯಿಂದ ಎದ್ದು ಬಂದು ನೋಡಿದ್ದರು. ಕಸ್ತೂರಿ ಸಂಜೆ ಕಾಲೇಜಿನಲ್ಲಿ ಓದಿ ಪಡೆದ ಬಿ.ಎ. ಕೂಡ ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಆ ಒಂಬತ್ತು ಸಾಕಾಯಿತು. ಅಳುವುದಕ್ಕೂ ಸಂಬಳ ಸಿಗುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು. ಆದರೆ ಇನ್ನೊಬ್ಬರ ಮಕ್ಕಳಾದರೂ ಉಳಿಯಲಿ ಎಂಬ ಆಸೆಯೂ ಅದರ ಜೊತೆಗೇ ಇತ್ತು. ಕೆಲಸಕ್ಕೆ ಹೋಗುವಾಗಲೆಲ್ಲ ಆ ಆಸೆಯನ್ನೇ ಮುಂದೆ ಮಾಡಿಕೊಂಡು ಹೋಗುತ್ತಿದ್ದಳು.

ಈಗೀಗ ಅವಳಿಗೆ ಒಂದು ಅನುಮಾನ ಶುರುವಾಗಿತ್ತು. ಸೋಮವಾರ ಲಾರಿ ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿದ್ದದ್ದೇನೋ ನಿಜ. ಆದರೆ ಅದು ಮಗಳಿಗಾಗಿಯೋ, ಇವತ್ತು ಮೈ ಏಳದಿದ್ದರೆ ಏನು ಗತಿ ಎಂಬ ಭಯಕ್ಕೋ? ಮಾಪಕಕ್ಕೆ ಎರಡೂ ಒಂದೇ. ಅವಳಿಗೂ ಎರಡೂ ಒಂದೇ ಆಗಿದ್ದರೆ?

*

ಮೇ ತಿಂಗಳ ಮೊದಲ ವಾರ 'ಪಟದ ಪೇಟೆ' ಎಂಬ ಆಟ ಮಾಪನಕ್ಕೆ ಬಂತು. ಮಾಳಿಗೆಯಿಂದ ಮಾಳಿಗೆಗೆ ಓಡುತ್ತ ಪಟ ಹಾರಿಸಿ ಎದುರಾಳಿಯ ದಾರ ಕೊಯ್ಯುವ ಆಟ. ದಾರ ಹರಿದಾಗ ಆ ಎದುರಾಳಿ ಮಗು ಆಯ ತಪ್ಪಿ ಮಾಳಿಗೆಯಂಚಿನಿಂದ ಕೆಳಗೆ ಹೋಗುತ್ತದೆ. ಹೆಚ್ಚು ಮಕ್ಕಳು ಹೋದಷ್ಟೂ ಹೆಚ್ಚು ಬಣ್ಣದ ಪಟ.

ಈ ವಿವರ ಓದಿದ ಕೂಡಲೇ ಕಸ್ತೂರಿ ಸಾಹೇಬರ ಮೇಜಿನೆದುರು ನಿಂತಳು.

"ಸರ, ಇದಕ್ಕ ನನ್ನ ಕೂರಿಸಬ್ಯಾಡ್ರಿ. ನಮ್ಮ ಮನ್ಯಾಗ ಹಿಂಗ ಆಗೇತಿ. ನನ್ನ ಅಂಕ ಸುಳ್ಳ ಸುಳ್ಳ ಮ್ಯಾಲ ಹೋಗ್ತೈತಿ. ಕಂಪನಿಯವರಿಗೆ ಅನ್ಯಾಯ ಆಗಬಾರದು."

ಹಿತ್ತಲಮನಿ ಕನ್ನಡಕ ಮೇಲೇರಿಸಿದರು. "ಕಸ್ತೂರಿಬಾಯಿ, ನೀವ ಒಬ್ಬಾಕಿನ ನೋಡ್ರಿ ಈ ಕೇಂದ್ರದಾಗ ಕಂಪನಿ ಸಲುವಾಗಿ ಮರಗಾಕಿ. ಮೂರ ಮಂದಿ ಸರಾಸರಿ ಇರ್ತೈತಿ. ನಿಮ್ಮದ ಹತ್ತ ಬಂದ್ರೂ ಉಳದ ಇಬ್ಬರು ಇಳಸ್ತಾರ. ಹೋಗ್ರಿ, ಕೂಡ್ರಿ."

ಅವಳು ಹೆದರುತ್ತಲೇ ಕುಳಿತಳು. ಆಟ ಚೆಂದವಿತ್ತು. ಆಕಾಶ ನೀಲಿ, ಮಾಳಿಗೆಗಳು ಕೆಂಪು. ರಕ್ತವಿಲ್ಲ, ಕಿರುಚಾಟವಿಲ್ಲ. ಮೈ ಯಾವುದಕ್ಕೆ ಏಳುತ್ತದೆ ಎಂಬುದನ್ನು ಕಂಪನಿಯವರು ಇಷ್ಟು ವರ್ಷಗಳಲ್ಲಿ ಕಲಿತುಬಿಟ್ಟಿದ್ದರು. ಅದನ್ನೆಲ್ಲ ತೆಗೆದುಹಾಕಿ, ಮಗು ಅಂಚು ದಾಟುವಾಗ ಕೊಳಲಿನ ಒಂದು ಎಳೆ ಇಟ್ಟಿದ್ದರು. ಮೊದಲ ಮಗು ಹೋಯಿತು. ಎರಡನೆಯದು ಹೋಯಿತು. ಮೂರನೆಯದು ಹುಡುಗಿ, ಎರಡು ಜಡೆ. ಕಸ್ತೂರಿ ಹಲ್ಲು ಕಚ್ಚಿ ಕಾದಳು. ಈಗ ಬರುತ್ತದೆ, ಈಗ ಬರುತ್ತದೆ.

ಏನೂ ಬರಲಿಲ್ಲ.

ಗಂಟೆಯ ಕೊನೆಗೆ ಅವಳ ಅಂಕ ಸೊನ್ನೆ ಪಾಯಿಂಟ್ ನಾಲ್ಕು. ದ್ಯಾಮಣ್ಣನದು ಸೊನ್ನೆ ಪಾಯಿಂಟ್ ಒಂಬತ್ತು. ಮೂರನೆಯವರದು ಒಂದು. ಯಂತ್ರ ಏಳು ವರ್ಷ ಎಂದು ಮುದ್ರೆ ಒತ್ತಿತು.

"ಯಣ್ಣಾ," ಎಂದಳು ಕಸ್ತೂರಿ. "ಆ ಹುಡುಗಿ ಬಿದ್ದಾಗ ನಿನಗೇನರ ಆತೇನು?"

"ಯಾವ ಹುಡುಗಿ?" ಎಂದ ದ್ಯಾಮಣ್ಣ.

*

ಕಾರಹುಣ್ಣಿಮೆ ಬಂತು. ಗಂಡ ಮೌನೇಶ ಅಂದು ಕೆಲಸಕ್ಕೆ ಹೋಗಲಿಲ್ಲ. ಕಟ್ಟಿಗೆಯಲ್ಲಿ ಕೈ ಪಳಗಿದ ಬಡಿಗ. ಈಗ ಕಾರ್ಖಾನೆಯಿಂದ ಬರುವ ಸಿದ್ಧ ಬಾಗಿಲುಗಳನ್ನು ಅಪಾರ್ಟ್‌ಮೆಂಟುಗಳಿಗೆ ಜೋಡಿಸುವುದಷ್ಟೇ ಅವನ ಪಾಲಿಗೆ ಉಳಿದಿತ್ತು. ಸ್ಫೂರ್ತಿಯ ಫೋಟೋದ ಮುಂದೆ ಬಾಳೆಎಲೆ ಹಾಕಿ ಎಡೆ ಇಟ್ಟರು. ಕಡಬನ್ನು ಮಾತ್ರ ಈ ಐದು ವರ್ಷಗಳಲ್ಲಿ ಆ ಮನೆಯಲ್ಲಿ ಕರಿದಿರಲಿಲ್ಲ. ಹೋಳಿಗೆ, ಅನ್ನ, ಕಟ್ಟಿನ ಸಾರು.

ಮೌನೇಶ ಕೈ ಮುಗಿದ. ಪ್ರತಿ ವರ್ಷವೂ ಆಗುವಂತೆ ಅವನ ಭುಜಗಳು ಅಲುಗತೊಡಗಿದವು. ಟವೆಲ್ಲನ್ನು ಮುಖದ ಮೇಲೆಳೆದುಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟ. ಕಸ್ತೂರಿ ಎಲೆಯ ಮುಂದೆ ನೀರು ಬಿಟ್ಟು ಫೋಟೋ ನೋಡಿದಳು. ಸದ್ದನ್ನು ಕರೆದಳು. ಗಂಟು ಬಿದ್ದ ಸದ್ದು ಎಂದು ಮಾತಿನಲ್ಲಿ ಹೇಳಬಹುದಿತ್ತು, ಕಿವಿಗೆ ಕೇಳಿಸಲಿಲ್ಲ. ಮಗುಚಿ ಹಾಕಿದ ಕಡಬನ್ನು ಕರೆದಳು. ಅದೂ ಯಾರೋ ಹೇಳಿದ ಕಥೆಯಂತೆ ದೂರ ನಿಂತಿತ್ತು. ಇನ್ನೂರು ಸೋಮವಾರ ಉಜ್ಜಿ ಉಜ್ಜಿ ಅದರ ಹಲ್ಲೆಲ್ಲ ಸವೆದುಹೋಗಿತ್ತು.

"ನೀ ಗಟ್ಟಿ ಇದ್ದಿ ಬಿಡ," ಎಂದ ಮೌನೇಶ ಟವೆಲ್ಲಿನ ಒಳಗಿಂದಲೇ. "ನನಗ ಆಗೂದಿಲ್ಲ ನೋಡ. ಆ ಓಣಿ ಹುಡುಗೂರು ಪಟಾ ಹಿಡದ್ರ ಇವತ್ತಿಗೂ ಕೈಕಾಲ ಬೀಳ್ತಾವ. ದೇವರು ನಿನ್ನಷ್ಟ ಗಟ್ಟಿ ಎದಿ ನನಗ ಕೊಡಬೇಕಿತ್ತು."

"ಹೋಳಿಗಿ ಆರ್ತೈತಿ, ಏಳ್ರಿ," ಎಂದಳು ಅವಳು.

ಅಷ್ಟರಲ್ಲಿ ಎದುರುಮನೆಯ ಚಾಂದನಿ ಓಡಿ ಬಂದಳು. ಎಂಟು ತುಂಬಿತ್ತು. ಹಬ್ಬದ ಹೋಳಿಗೆಗೆಂದು ಬಂದವಳು ಫೋನು ಕೈಯಲ್ಲಿ ಹಿಡಿದೇ ಬಂದಿದ್ದಳು. ಪರದೆಯಲ್ಲಿ ಕೆಂಪು ಮಾಳಿಗೆಗಳು. ಮೂಲೆಯಲ್ಲಿ ಸರಕಾರದ ಮುದ್ರೆ, ಅದರೊಳಗೆ ಏಳು.

"ಆಂಟಿ, ನೋಡ್ರಿ, ಹದಿನೆಂಟ ಮಂದೀನ ಕೆಡವೀನಿ."

"ಬಿದ್ದವ್ರಿಗೆ ಏನ ಆಗ್ತೈತವಾ?"

"ಏನೂ ಆಗೂದಿಲ್ರಿ!" ಚಾಂದನಿಗೆ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. "ಕೊಳಲ ಊದ್ತಾರ. ಆಮ್ಯಾಲ ಹೊಸಾ ಹುಡುಗಿ ಬರ್ತಾಳ."

ಮೌನೇಶ ಟವೆಲ್ಲು ಸರಿಸಿ ನೋಡಿದ. ಅವನ ಕಣ್ಣು ಪರದೆಯ ಮೇಲೆ ಬಿತ್ತು. ಒಂದು ಜಡೆ, ಒಂದು ಅಂಚು, ಕೊಳಲು. ಅವನು ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡದ್ದು ಒಳಗೆ ಕೇಳಿಸಿತು.

"ಅಂಕಲ್‌ಗೆ ಏನಾತ್ರಿ?"

ಕಸ್ತೂರಿ ಹೋಳಿಗೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದಳು. ಆ ಮುದ್ರೆಯೊಳಗಿನ ಏಳು ತನ್ನ ಮೈಯಿಂದ ಇಳಿದದ್ದು. ಗಂಡನನ್ನು ಎಬ್ಬಿಸಿ ಓಡಿಸಿದ್ದು ತನ್ನನ್ನು ಕದಲಿಸಲೂ ಇಲ್ಲ. ಹಾಗಾದರೆ ತಾನು ಮುದ್ರೆ ಒತ್ತಿದ ಉಳಿದ ಆಟಗಳು? ಸಾವಿರದ ನೂರಕ್ಕೂ ಮಿಕ್ಕಿ ಇದ್ದವು.

*

"ಸರ, ನನ್ನ ಮೈ ಸತ್ತೈತಿ," ಎಂದಳು ಮರುದಿನ ಹಿತ್ತಲಮನಿಯವರ ಮುಂದೆ. "ಸೋಮವಾರಕ್ಕ ಸುಳ್ಳ ಮಾಡಾಕತ್ತೀನ್ರಿ. ಒಗ್ಗರಣಿ ಹಾಕೂದು. ಈಗ ಅದೂ ಆಗವಲ್ದು. ಬರೇ ಅಂಜಿಕಿ ಮ್ಯಾಲ ಪಾಸ್ ಆಗಾಕತ್ತೀನಿ."

ಸಾಹೇಬರು ಬಾಗಿಲು ಹಾಕಿಸಿದರು. "ಎಲ್ಲಾರೂ ಹಾಕ್ತಾರವಾ. ನಾ ಏನ ಕುರುಡ ಅದೇನೇನು?"

"ಗೊತ್ತಿದ್ದೂ…"

"ಗೊತ್ತಿದ್ದು ಏನ ಮಾಡ್ಲಿ? ಕಾಯ್ದೆದಾಗ ಅಭಿಪ್ರಾಯಕ್ಕ ಜಾಗಾ ಇಲ್ಲ. 'ಈ ಮಾಪಕರ ಮೈ ಸತ್ತೈತಿ' ಅಂತ ನಾ ಬರದ್ರ ಅದು ನನ್ನ ಅಭಿಪ್ರಾಯ ಆಗ್ತೈತಿ. ಅಂಕ ಐದರ ಮ್ಯಾಲ ಐತಿ, ಮುಗೀತು. ಮತ್ತ ಇನ್ನೊಂದ ಕೇಳ್ರಿ. ಸಮಾಜದ ಮೈನ ಹಂಗಾಗಿದ್ರ? ನೀವೂ ಸಮಾಜದವರ ಅಲ್ಲೇನು? ಯಾರಿಗೂ ತಲ್ಲಣ ಆಗವಲ್ದು ಅಂದ್ರ ಅದರಾಗ ಹಿಂಸಾ ಇಲ್ಲ ಅಂತ ಅರ್ಥ."

"ನಮ್ಮ ಮನಿಯವ್ರು ವಾಂತಿ ಮಾಡಿಕೊಂಡ್ರು ಸರ."

"ಅವ್ರು ಮಾಪಕರಲ್ಲಲ್ಲ."

ಮೇಲ್ಮನವಿ ಮಂಡಳಿಗೆ ಕಸ್ತೂರಿ ಒಂದು ಪತ್ರ ಬರೆದಳು. ಒಂದು ಪುಟದ ಪತ್ರವನ್ನು ಹನ್ನೊಂದು ಸಲ ತಿದ್ದಿದಳು. ತನ್ನನ್ನು ತಾನೇ ದೊಡ್ಡವಳನ್ನಾಗಿ ಮಾಡಿಕೊಂಡಂತೆ ಕಾಣುತ್ತದೋ ಏನೋ ಎಂದು ಒಂದು ವಾಕ್ಯ ಹೊಡೆದುಹಾಕಿದಳು. ಸಹೋದ್ಯೋಗಿಗಳನ್ನು ಸಿಕ್ಕಿಸಿದಂತಾಗುತ್ತದೆ ಎಂದು ಇನ್ನೊಂದನ್ನು. ಕೊನೆಗೆ ಉಳಿದದ್ದು ಇಷ್ಟು: ನನ್ನ ಮೈಯನ್ನು ನಂಬಬೇಡಿ, ನಾನು ಅಳೆದ ಆಟಗಳನ್ನು ಮತ್ತೊಮ್ಮೆ ಅಳೆಯಿರಿ, 'ಪಟದ ಪೇಟೆ'ಯನ್ನು ಅಲ್ಲಿಯವರೆಗೆ ನಿಲ್ಲಿಸಿ.

ಮೂರು ವಾರಕ್ಕೆ ವಿಚಾರಣೆಯ ನೋಟಿಸು ಬಂತು. ಮೌನೇಶ ತಾನೂ ಬರುತ್ತೇನೆಂದ.

"ನೀವ್ಯಾಕ್ರಿ? ಯಂತ್ರದ ವಿಷಯ. ತಲಿಬ್ಯಾನಿ."

"ಆ ಆಟ ಬಂದ್ ಮಾಡ್ಸಾಕ ನೀ ಒಬ್ಬಾಕಿ ನಿಲ್ತಿ, ನಾ ಮನ್ಯಾಗ ಕುಂದರ್ಲೇನು?" ಎಂದು ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಅವಳ ಬಗ್ಗೆ ಹೆಮ್ಮೆ ಅವನ ಮುಖದಲ್ಲೇ ಕಾಣುತ್ತಿತ್ತು. ಒಗ್ಗರಣೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಕಸ್ತೂರಿ ಬಸ್ಸಿನಲ್ಲಿ ಎರಡು ಸಲ ಬಾಯಿ ತೆರೆದಳು. ಅವನು ಎರಡು ಸಲವೂ, "ಅಂಜಬ್ಯಾಡ, ಖರೇ ಇದ್ದದ್ದ ಹೇಳಿಬಿಡ," ಎಂದ.

*

ಕೇಂದ್ರದ ದೊಡ್ಡ ಹಾಲಿನಲ್ಲಿ ವಿಚಾರಣೆ. ಬೆಂಗಳೂರಿನಿಂದ ಬಂದ ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಮೃದು ಮಾತು, ಬಿಗಿ ಮುಖ. ಒಂದು ಕಡೆ ಕಂಪನಿಗಳ ಸಂಘದ ವಕೀಲ, ಇನ್ನೊಂದು ಕಡೆ ಸರಕಾರದ ವಕೀಲ. ಹಿಂದಿನ ಸಾಲುಗಳಲ್ಲಿ ಸಿಬ್ಬಂದಿ, ಅವರ ನಡುವೆ ಮೌನೇಶ.

"ಮೇಡಂ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಎಂದು ಸಂಘದ ವಕೀಲ ಶುರು ಮಾಡಿದ. "ಸರ್ಕಾರದ ಅಳತೆಗೋಲು ಇದು. ನಮ್ಮ ಕೈಗೇ ವಾಪಸ್ ಕೊಟ್ಬಿಡಿ, ನಾವೇ ವಯಸ್ಸು ಹಾಕ್ಕೋತೀವಿ."

"ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯ್ತು," ಎಂದ ಸರಕಾರದ ವಕೀಲ. "ಮೈಗಳೇ ಸತ್ತುಹೋಗಿದಾವೆ ಅಂದ್ರೆ ಯಾವ ಆಟ ಹೊರಗೆ ಬರಬೇಕು ಅನ್ನೋದನ್ನ ಇಲಾಖೆಯೇ ತೀರ್ಮಾನ ಮಾಡ್ಬೇಕು, ಅಷ್ಟೇ."

ಇಬ್ಬರಿಗೂ ಕಸ್ತೂರಿಯ ಪತ್ರ ಸಿಹಿಯಾಗಿತ್ತು. ಅಧ್ಯಕ್ಷೆ ಕೈ ಎತ್ತಿದರು.

"ನೋಡಮ್ಮ, ನಿಮ್ಮ ಮೈ ಸತ್ತಿದೆ ಅಂತ ನೀವು ಹೇಳ್ತಾ ಇದೀರ. ಆ ಆಟ ನಿಜವಾಗ್ಲೂ ಸಪ್ಪೆ ಇರಬಹುದು. ನಿಮ್ಮ ಮೈ ಸರಿಯಾಗೇ ಇರಬಹುದು. ನಿಮ್ಮ ಮಾತು ಒಂದು ಅಭಿಪ್ರಾಯ ಅಷ್ಟೇ. ಅಳೆದು ತೋರಿಸೋಕೆ ಏನಾದ್ರೂ ಇದೆಯಾ?"

ಕಸ್ತೂರಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಇದೆಯೆಂದರೆ ಹಿಂದೆ ಕುಳಿತ ಗಂಡನಿಗೆ ಒಗ್ಗರಣೆಯ ವಿಷಯ ತಿಳಿಯುತ್ತದೆ, ಇಲ್ಲವೆಂದರೆ 'ಪಟದ ಪೇಟೆ' ಹಾಗೇ ನಡೆಯುತ್ತದೆ. ಅವಳು ಬ್ಯಾಗಿನಿಂದ ಫೋಟೋ ತೆಗೆದಳು.

"ಇದನ್ನ ನೋಡಿದ್ರ ನನ್ನ ಮೈ ಏಳಬೇಕ್ರಿ. ಯಾವ ತಾಯಿದೂ ಏಳಬೇಕು."

"ಯಾರಿದು?"

"ನನ್ನ ಮಗಳು. ಮಾಳಿಗಿ ಮ್ಯಾಲಿಂದ ಬಿದ್ದ ಹೋದ್ಲು. ಪ್ರತಿ ಸೋಮವಾರ ಇಕೀನ್ನ ನೆನಸಿಕೊಂಡು ಅಂಕ ತಗೋತಿದ್ದೆ. ಮೂರ ವರ್ಷದ ಮ್ಯಾಲ ನಡೀತು. ಈಗ ನಡಿಯವಲ್ದು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ತಿರುಗಿ ನೋಡಲಿಲ್ಲ.

ಕುರ್ಚಿ ತಂದರು, ಪಟ್ಟಿ ಕಟ್ಟಿದರು. ಸಭೆಯ ಮುಂದೆ ಕುಳಿತ ಅಂಜಿಕೆಯನ್ನು ಲೆಕ್ಕದಿಂದ ಕಳೆಯಲು ಯಂತ್ರ ಹತ್ತು ನಿಮಿಷ ಸುಮ್ಮನೆ ಓಡಿತು. ಆಮೇಲೆ ಸ್ಫೂರ್ತಿಯ ಫೋಟೋವನ್ನು ದೊಡ್ಡದು ಮಾಡಿ ಪರದೆಗೆ ಹಾಕಿದರು. ಮುಂದಿನ ಒಂದು ಹಲ್ಲು ಬಿದ್ದ ಬಾಯಿ, ಶಾಲೆಯ ಟೈ. ಕಸ್ತೂರಿ ನೋಡಿದಳು. ಇಷ್ಟು ಜನರ ಮುಂದೆಯಾದರೂ, ಹಿಂದೆ ಗಂಡನಿದ್ದಾನೆ, ಅವನ ಮುಂದೆಯಾದರೂ ಏಳು ಎಂದು ಮೈಗೆ ಬೇಡಿಕೊಂಡಳು. ಎದ್ದರೆ ತಾನು ಸುಳ್ಳಿಯಾಗುತ್ತೇನೆ, ಆಟ ನಡೆಯುತ್ತದೆ, ಆಗಲಿ. ಮೊದಲ ಸಲ ಅವಳು ಸೋಲಲು ಬಯಸಿದಳು.

ಗೋಡೆಯ ಮೇಲೆ ಸೊನ್ನೆ ಪಾಯಿಂಟ್ ಮೂರು ಬೆಳಗಿತು. ಗೆರೆ ನೆಲ ಸವರಿದಂತೆ ನೆಟ್ಟಗೆ ಓಡುತ್ತಿತ್ತು.

"ಯಂತ್ರವೇ ಕೆಟ್ಟಿರಬಹುದಲ್ಲ?" ಎಂದ ಸಂಘದ ವಕೀಲ. "ತಾಯಿ ಮೈ ಹೀಗಿರುತ್ತೆ ಅಂದ್ರೆ ಯಾರು ನಂಬ್ತಾರೆ? ಇದೇ ಫೋಟೋಗೆ ಇನ್ನೊಬ್ಬರನ್ನ ಅಳೆದು ನೋಡೋಣ. ಈ ಮಗು ಗೊತ್ತಿರೋರು ಯಾರಾದ್ರೂ ಇದಾರಾ?"

ಕಸ್ತೂರಿ ತಲೆ ತಗ್ಗಿಸಿದಳು. ಹಿಂದೆ ಒಂದು ಕುರ್ಚಿ ಸರಿದ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಅವಳ ಪಕ್ಕದಲ್ಲಿ ಹಾದು ಬಂತು.

"ನಾ ಅದೇನ್ರಿ," ಎಂದ ಮೌನೇಶ. "ಆಕಿ ಅಪ್ಪ."

ಅವನ ಮಣಿಕಟ್ಟಿಗೆ ಪಟ್ಟಿ ಕಟ್ಟುವಾಗ ಅವನು ಹೆಂಡತಿಯ ಕಡೆ ನೋಡಲಿಲ್ಲ. ಹತ್ತು ನಿಮಿಷ ಯಂತ್ರ ಓಡಿತು. ಫೋಟೋ ಮತ್ತೆ ಬಂತು. ಗೆರೆ ಒಂದೇ ಏಟಿಗೆ ಗೋಡೆ ಹತ್ತಿತು. ಏಳು, ಎಂಟು, ಒಂಬತ್ತು. ಹತ್ತು ತಾಗಿ ಅಲ್ಲೇ ನಿಂತು, ಯಂತ್ರ ಅಳತೆ ಮೀರಿದೆ ಎಂದು ಕಿರುಗುಟ್ಟತೊಡಗಿತು. ಮೌನೇಶ ಕಣ್ಣು ಮಿಟುಕಿಸದೆ ಕುಳಿತಿದ್ದ. ಕೆನ್ನೆಯಿಂದ ಇಳಿದ ನೀರು ಅಂಗಿಯ ಕಾಲರು ತೋಯಿಸಿತ್ತು.

"ಸಾಕು, ಬಿಚ್ಚಿ," ಎಂದರು ಅಧ್ಯಕ್ಷೆ.

ಆದೇಶ ಅಲ್ಲಿಯೇ ಆಯಿತು. ಮಾಪಕಿ ಕಸ್ತೂರಿ ಬಡಿಗೇರ ಅವರ ಮೈ ಅಯೋಗ್ಯ. ಅವರು ಅಳೆದ ಎಲ್ಲ ಆಟಗಳನ್ನೂ ಬೇರೆ ಮಾಪಕರು ಮತ್ತೆ ಅಳೆಯತಕ್ಕದ್ದು. ಅಳೆದು ಮುಗಿಯುವವರೆಗೆ ಹಳೆಯ ವಯಸ್ಸೇ ಜಾರಿಯಲ್ಲಿರತಕ್ಕದ್ದು.

"ಅಲ್ಲೀತನಕ ಆ ಆಟ…" ಎಂದಳು ಕಸ್ತೂರಿ.

"ಕಾಯ್ದೆಯಲ್ಲಿ ಮಧ್ಯಂತರ ತಡೆಗೆ ಅವಕಾಶ ಇಲ್ಲಮ್ಮ," ಎಂದರು ಅಧ್ಯಕ್ಷೆ. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಅದನ್ನು ಯಾರೂ ಅಳೆಯಲಿಲ್ಲ.

ಮರು ಅಳತೆಗೆ ಹೆಸರು ಕೂಗಿದಾಗ ಮೊದಲು ಎದ್ದವನು ದ್ಯಾಮಣ್ಣ. ಇಬ್ಬರು ವಕೀಲರೂ ಗೆದ್ದವರಂತೆ ಫೈಲು ಕಟ್ಟುತ್ತಿದ್ದರು.

*

ಮೌನೇಶ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಗೇಟಿನ ಹತ್ತಿರ ನಿಂತ. ಅವಳೂ ನಿಂತಳು. ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲು ಹೊಡೆಯುತ್ತಿತ್ತು.

"ಪ್ರತಿ ಸೋಮವಾರ," ಎಂದ ಅವನು.

"ಹೂಂ."

"ನಾಯಿ ಸಲುವಾಗಿ?"

"ಕೆಲಸದ ಸಲುವಾಗಿ. ಹುಡುಗೂರಿಗೆ ಒಳ್ಳೇದಾಗ್ತೈತಿ ಅಂತ ತಿಳದಿದ್ದೆ."

"ಎಡಿ ಮುಂದ ಕುಂತಾಗ ನೀ ಗಟ್ಟಿ ಅದಿ ಅಂತಿದ್ದೆ ನಾ." ಅವನು ನಕ್ಕಂತೆ ಮಾಡಿದ. "ಹುಚ್ಚ ನಾ."

ಅವಳ ಕಣ್ಣು ಒಣಗಿಯೇ ಇತ್ತು. ಅತ್ತಿದ್ದರೆ ಅದೇ ಒಂದು ಮಾತಾಗುತ್ತಿತ್ತು.

ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಹಿತ್ತಲಮನಿ ಸಾಹೇಬರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಎರಡು ಹಾಳೆಯ ಒಂದು ಅರ್ಜಿ.

"ಮೌನೇಶಪ್ಪಾ, ನಿಲ್ರಿ. ಕಸ್ತೂರಿಬಾಯಿ ಕುರ್ಚಿ ಖಾಲಿ ಆತಲ್ರಿ. ಇಂಥಾ ಮೈ ನಾ ನೋಡಿಲ್ಲ. ಹತ್ತು! ಅಳತಿ ಮೀರಿ! ನಿಮ್ಮಂಥವರು ಕುಂತ್ರ ಅಂಥಾ ಆಟ ಒಂದೂ ಹೊರಗ ಬರೂದಿಲ್ಲ ನೋಡ್ರಿ. ಸಹಿ ಮಾಡಿ ಸೋಮವಾರ ಬರ್ರಿ. ಬಾಗಲಾ ಕೂಡಸೂದಕ್ಕಿಂತ ಚಲೋ ಕೆಲಸ."

"ಬ್ಯಾಡ್ರಿ ಸರ," ಎಂದಳು ಕಸ್ತೂರಿ. ಅಷ್ಟು ಗಟ್ಟಿಯಾಗಿ ಅವಳು ಆ ಕೇಂದ್ರದಲ್ಲಿ ಎಂದೂ ಮಾತಾಡಿರಲಿಲ್ಲ. "ಅವರಿಗೆ ಬ್ಯಾಡ. ರೀ, ತಗೋಬ್ಯಾಡ್ರಿ. ಹರದ ಒಗೀರಿ."

ಮೌನೇಶ ಅರ್ಜಿ ತೆಗೆದುಕೊಂಡ. ಓದಲಿಲ್ಲ. ಸಾಹೇಬರು ಬೆನ್ನು ತಟ್ಟಿ ಒಳಗೆ ಹೋಗುವವರೆಗೂ ಕಾಗದವನ್ನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಮೊದಲ ಸಲ ಹೆಂಡತಿಯ ಮುಖವನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಸಿಟ್ಟಿದೆಯೇ ಎಂದು ಅವಳು ಹುಡುಕಿದಳು. ಸಿಟ್ಟಿರಲಿಲ್ಲ. ದೂರದ ಊರಿನಿಂದ ಬಂದವರನ್ನು ಆ ಊರಿನ ದಾರಿ ಕೇಳುವವನಂತೆ ನೋಡುತ್ತಿದ್ದ.

"ಕಸ್ತೂರಿ, ಈಗ ನಿನಗ ಬ್ಯಾನಿ ಒಟ್ಟ ಆಗೂದಿಲ್ಲೇನು? ಬೆಳಿಗ್ಗೆ ಎದ್ದಾಗ? ಪಟಾ ಕಂಡಾಗ?"

ಸುಳ್ಳು ಹೇಳಬೇಕೆಂದು ಅವಳಿಗೆ ಅನಿಸಿತು. ಆದರೆ ಅವತ್ತು ಅವಳು ಆಗಲೇ ನಿಜ ಹೇಳಿಬಿಟ್ಟಿದ್ದಳು.

"ಇಲ್ಲ," ಎಂದಳು.

ಅವನು ಒದ್ದೆ ಕಾಲರನ್ನು ಬೆರಳಿನಿಂದ ಕುತ್ತಿಗೆಯಿಂದ ಬಿಡಿಸಿಕೊಂಡ. ಆಮೇಲೆ ಅರ್ಜಿಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ, ಅಂಗಿಯ ಎದೆಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡ.

"ಮೂರ ವರ್ಷ ಅಂದೆಲ್ಲ ಒಳಗ," ಎಂದ. "ಅದಕ್ಕಿಂತ ಲಗೂ ಹೋಗೂದಿಲ್ಲೇನು ಈ ಬ್ಯಾನಿ?"